ರ‍್ಯಾಮ್ ಓವರ್‌ಕ್ಲಾಕ್: ನಾ ಮಾಡಿ ನೋಡಿದ ನಾಕು ಥರ, ಮತ್ತ ವಿಜಯಪುರದ ಬ್ಯಾಸಗಿ

ಕಂಪ್ಯೂಟರಿನ ಮೆಮರಿನ, ಅಂದ್ರ ರ‍್ಯಾಮನ್ನ, ಅದರ ಸಾದಾ ಸ್ಪೀಡಿಗಿಂತ ಜೋರು ಓಡಸೋದಕ್ಕ ಓವರ್‌ಕ್ಲಾಕ್ ಅಂತಾರ. ಮೊದಲ ಹೇಳಿಬಿಡ್ತೀನಿ, ನಾ ಏನ್ ಎಕ್ಸ್‌ಪರ್ಟ್ ಅಲ್ಲ. ವಿಜಯಪುರದಾಗ ಮದುವಿ ಆಲ್ಬಮ್ ಡಿಸೈನ್ ಮಾಡೋ ಕೆಲಸ ನಂದು, ರಾತ್ರಿ ಒಂದೀಟು ಗೇಮ್ ಆಡ್ತೀನಿ ಅಷ್ಟ. ಗ್ರಾಫಿಕ್ಸ್ ಕಾರ್ಡಿಗೆ ರೊಕ್ಕ ಸಾಲಲಿಲ್ಲ ಅಂತ ಪ್ರೊಸೆಸರ್ ಒಳಗ ಗ್ರಾಫಿಕ್ಸ್ ಇರೋ ರೈಜನ್ 5 5600ಜಿ ತಗೊಂಡೆ, ಬಿ450 ಬೋರ್ಡು, 8 ಜಿಬಿ ಡಿಡಿಆರ್4 ರ‍್ಯಾಮಿಂದು ಒಂದ ಸ್ಟಿಕ್, ಡಬ್ಬಿ ಮ್ಯಾಲ ದೊಡ್ಡದಾಗಿ ಸ್ಪೀಡ್ 3200 ಅಂತ ಬರದಿತ್ತು. ಆರು ತಿಂಗಳು ಆದಮ್ಯಾಲ ಗೆಳ್ಯಾ ಒಬ್ಬ ಮನಿಗೆ ಬಂದಾಂವ ಟಾಸ್ಕ್ ಮ್ಯಾನೇಜರ್ ತಗದು "ಏನಲೇ ಇದು 2400 ಓಡಾಕತ್ತೈತಲ್ಲ" ಅಂದ. ಅಂಗಡ್ಯಾಂವ ಟೋಪಿ ಹಾಕ್ಯಾನ ಅಂತ ನಾ ಎರಡು ದಿನ ಬೈಕೋತ ತಿರುಗಿದೆ, ಆಮ್ಯಾಲ ಗೊತ್ತಾತು ತಪ್ಪು ಅವಂದಲ್ಲ, ನಂದು.

ಅದು ಹಿಂಗೈತ್ರಿ. ಯಾವ ಡಿಡಿಆರ್4 ರ‍್ಯಾಮ್ ಆದ್ರೂ ಬೋರ್ಡಿಗೆ ಹಾಕಿದ ಕೂಡ್ಲೆ 1.2 ವೋಲ್ಟಿನ್ಯಾಗ ಸಾದಾ ಸ್ಟ್ಯಾಂಡರ್ಡ್ ಸ್ಪೀಡ್‌ಗೆ ಏಳ್ತೈತಿ, 2133 ಇರಬಹುದು, 2400 ಇರಬಹುದು, 2666 ಇರಬಹುದು. ಡಬ್ಬಿ ಮ್ಯಾಲಿನ 3200 ಅನ್ನೋದು ಕಂಪನಿಯವ್ರು ಟೆಸ್ಟ್ ಮಾಡಿ ಸ್ಟಿಕ್ ಮ್ಯಾಲಿನ ಒಂದು ಸಣ್ಣ ಚಿಪ್‌ನ್ಯಾಗ ಬರದಿಟ್ಟ ಪ್ರೊಫೈಲು, ಅದನ್ನ ಬಯಾಸ್‌ಗೆ ಹೋಗಿ ನಾವ ಆನ್ ಮಾಡಬೇಕು (ಬಯಾಸ್ ಅಂದ್ರ ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ, ವಿಂಡೋಸ್ ಏಳೋಕಿಂತ ಮುಂಚೆ ತಗಿಯೋ ಬೋರ್ಡಿನ ಸೆಟ್ಟಿಂಗ್). ಇಂಟೆಲ್‌ನವ್ರು ಇಟ್ಟ ಹೆಸರು ಎಕ್ಸ್‌ಎಂಪಿ, ಎಎಂಡಿ ಬೋರ್ಡಿನ್ಯಾಗ ಆಸುಸ್‌ನವ್ರು ಡಿಒಸಿಪಿ ಅಂತಾರ, ಎಂಎಸ್ಐನವ್ರು ಎ-ಎಕ್ಸ್‌ಎಂಪಿ ಅಂತಾರ, ಡಿಡಿಆರ್5 ಬಂದಮ್ಯಾಲ ಎಎಂಡಿನೂ ತಂದು ಎಕ್ಸ್‌ಪೋ ಅಂತ ಮಾಡೇತಿ. ಹೆಸರು ಬ್ಯಾರೆ, ಕೆಲಸ ಒಂದ. ಮತ್ತ ಸಿಪಿಯು-ಝಡ್ ಅನ್ನೋ ಸ್ಪೀಡ್ ತೋರ್ಸೋ ಪ್ರೋಗ್ರಾಮ್ ತಗದು ನೋಡಿ 1600 ಅಂತ ಐತಲ್ಲ ಅಂತ ಗಾಬರಿ ಆಗಬ್ಯಾಡ್ರಿ, ಒಂದ ಬಡಿತಕ್ಕ ಎರಡು ಸಲ ಡೇಟಾ ಹೋಗ್ತೈತಿ, ಅದಕ್ಕ 1600 ಅಂದ್ರ 3200.

ಈಗ ಟೈಮಿಂಗ್ ಅನ್ನೋದು. ನಮ್ಮವ್ವ ರೊಟ್ಟಿ ಬಡಿಯೋದು ನೋಡ್ಕೋತ ನನಗ ಇದು ತಲಿಗೆ ಹತ್ತಿತು, ನಗಬ್ಯಾಡ್ರಿ. ಫ್ರೀಕ್ವೆನ್ಸಿ ಅಂದ್ರ ಕೈ ಎಷ್ಟು ಜೋರು ಬಡೀತೈತಿ ಅನ್ನೋದು, ಸಿಎಲ್ ಅಂದ್ರ "ರೊಟ್ಟಿ ಹಾಕಬೇ" ಅಂದಮ್ಯಾಲ ತಾಟಿಗೆ ಬೀಳಾಕ ಎಷ್ಟು ಬಡಿತ ಹೋಗ್ತಾವು ಅನ್ನೋದು. 3200 ಸಿಎಲ್16 ಅಂದ್ರ ಲೆಕ್ಕ ಹಾಕಿದ್ರ 10 ನ್ಯಾನೊ ಸೆಕೆಂಡು, 3600 ಸಿಎಲ್18 ಅಂದ್ರೂ ಅದ 10. ನಂದು ಮೊದಲಿದ್ದ 2400 ಸಿಎಲ್17 ಅಂದ್ರ 14ರ ಮ್ಯಾಲ. ಹಿಂಗಾಗಿ ಬರೇ ದೊಡ್ಡ ನಂಬರ್ ನೋಡಿ 3200 ಸಿಎಲ್22 ತಗೊಂಡ್ರ ಅದೂ 14ರ ಹತ್ರನ ಕುಂತಿರ್ತೈತಿ, ಕೈ ಜೋರು ಬಡೀತೈತಿ ಖರೆ, ತಾಟಿಗೆ ಮೊದಲನೇ ರೊಟ್ಟಿ ಬರೋದು ಮಾತ್ರ ಆಗಿನಷ್ಟ ತಡಾ.

ನಾ ಎಲ್ಲಾದಕ್ಕೂ ಜಿಟಿಎ 5 ಗೇಮಿನ ಒಳಗಿನ ಸ್ಪೀಡ್ ಅಳಿಯೋ ಬೆಂಚ್‌ಮಾರ್ಕನ್ನ ಓಡಿಸೀನಿ, 1080ಪಿ, ನಾರ್ಮಲ್ ಸೆಟ್ಟಿಂಗು. ಒಂದ ಸ್ಟಿಕ್ 2400ದಾಗ ಸೆಕೆಂಡಿಗೆ 40ರ ಆಸುಪಾಸು ಫ್ರೇಮ್ (ಚಿತ್ರ) ಬರ್ತಿದ್ದು.

ಮೊದಲನೇದು ಓವರ್‌ಕ್ಲಾಕ್ ಅಲ್ಲೇ ಅಲ್ಲ, ಅಂಥಾದ್ದ ಇನ್ನೊಂದು ಸ್ಟಿಕ್ ತಂದು ಹಾಕಿದ್ದು. ಸ್ಪೀಡ್ ಮುಟ್ಟಲಿಲ್ಲ, ಅದ 2400. ಫ್ರೇಮ್ 60ಕ್ಕ ಏರಿತು! ಯಾಕಂದ್ರ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮರಿ ಇಲ್ಲ, ಇದ ರ‍್ಯಾಮ್‌ನ್ಯಾಗಿಂದ ಉಣ್ತೈತಿ, ಒಂದು ಚಾನೆಲ್‌ಗೆ 2400ದಾಗ ಸೆಕೆಂಡಿಗೆ 19.2 ಜಿಬಿ ಅಷ್ಟ ದಾರಿ, ಎರಡು ಸ್ಟಿಕ್ ಹಾಕಿದ್ರ ಡಬಲ್. ಆದ್ರ ಸ್ಲಾಟ್ ನೋಡಿ ಹಾಕ್ರಿ. ನಾಕು ಸ್ಲಾಟ್ ಇದ್ರ ಪ್ರೊಸೆಸರ್ ಕಡಿಂದ ಎರಡನೇದು ಮತ್ತ ನಾಕನೇದು. ನಾ ಮೊದಲ ಒಂದನೇದು ಎರಡನೇದು ಬಾಜುಕ ಬಾಜುಕ ಹಾಕಿ, ಏನೂ ಫರಕ ಇಲ್ಲ, ಎಲ್ಲಾ ಸುಳ್ಳು ಅಂತ ಒಂದು ವಾರ ಅಂದ್ಕೊಂಡಿದ್ದೆ.

ಎರಡನೇದು ಪ್ರೊಫೈಲ್. ಬಯಾಸ್‌ಗೆ ಹೋಗು, ಆನ್ ಮಾಡು, ಸೇವ್ ಮಾಡು, ಎರಡು ನಿಮಿಷದ ಕೆಲಸ. ಟೈಮಿಂಗ್ 16-18-18-38 (ಮೊದಲನೇ ನಂಬರ್ ಸಿಎಲ್), 1.35 ವೋಲ್ಟು, ಎಲ್ಲಾ ತಾನ ತುಂಬ್ಕೋತೈತಿ. ಫ್ರೇಮ್ 70. ಇದರ ಬಗ್ಗೆ ಹೆಚ್ಚು ಬರಿಯಾಕ ಏನೂ ಇಲ್ಲ, ಅದ ಅದರ ದೊಡ್ಡ ಗುಣ.

ಮೂರನೇದು ಕೈಲೆ 3600ಕ್ಕ ಏರಿಸಿದ್ದು, ಇಲ್ಲಿಂದ ಚಟ ಹತ್ತಿತು. ನನ್ನ ಸ್ಟಿಕ್‌ನ್ಯಾಗ ಇರೋದು ಮೈಕ್ರಾನ್ ಇ-ಡೈ ಚಿಪ್ಪು, ಇದು ಫ್ರೀಕ್ವೆನ್ಸಿಗೆ ಚಲೋ ಏರ್ತೈತಿ, ಆದ್ರ ಎರಡನೇ ನಂಬರ್ ಐತಲ್ಲ, ಟಿಆರ್‌ಸಿಡಿ, ಅದನ್ನ ಇಳಿಸಾಕ ಹೋದ್ರ ಹಟಾ ಮಾಡ್ತೈತಿ, ವೋಲ್ಟ್ ಕೊಟ್ಟರೂ ಕೇಳಂಗಿಲ್ಲ. ಕಡೀಕ 16-19-19-39, 1.4 ವೋಲ್ಟಿಗೆ ನಿಂತಿತು. ರೈಜನ್‌ನ್ಯಾಗ ಇನ್ನೊಂದು ಮಾತು ನೆನಪಿಡ್ರಿ, ಒಳಗಿನ ಫ್ಯಾಬ್ರಿಕ್ (ಪ್ರೊಸೆಸರಿನ ಭಾಗಗಳನ್ನ ಕೂಡಿಸೋ ದಾರಿ) ಕ್ಲಾಕ್ ರ‍್ಯಾಮ್ ಕ್ಲಾಕಿನ ಜೋಡಿ ಸರಿ ಸಮಾ ಓಡಬೇಕು, 3600ಕ್ಕ 1800. ಜೋಡಿ ತಪ್ಪಿತು ಅಂದ್ರ ರ‍್ಯಾಮ್ ಏರಿಸಿದ ಲಾಭ ಅಲ್ಲೇ ಹೋತು. ಫ್ರೇಮ್ 76 ಬಂತು, ನನಗ ಕೊಂಬು ಬಂದ್ವು, 4000 ಹಾಕಿ ನೋಡೂಣು ಅಂತ ಹಾಕಿದೆ. ಸ್ಕ್ರೀನ್ ಕರ‍್ರಗ. ಫ್ಯಾನ್ ತಿರಗತೈತಿ, ಬಂದ್ ಆಗ್ತೈತಿ, ಮತ್ತ ತಿರಗತೈತಿ. ಎಷ್ಟೋ ಬೋರ್ಡು ಎರಡು ಮೂರು ಸಲ ಹಿಂಗ ಮಾಡಿ ತಾವ ಹಳೇ ಸೆಟ್ಟಿಂಗ್‌ಗೆ ವಾಪಸ್ ಬರ್ತಾವು, ನಂದು ಬರಲಿಲ್ಲ. ಪ್ಲಗ್ ಕಿತ್ತು, ಬೋರ್ಡಿನ ಮ್ಯಾಲಿನ ಗುಂಡನ್ನ ಸಿಆರ್2032 ಸೆಲ್ ತಗದು ಚಾ ಕುಡದು ಬಂದು ಮತ್ತ ಹಾಕಿದಮ್ಯಾಲ ಎದ್ದಿತು. ಹೊಸಬರು ಇದಕ್ಕ ಹೆದರಬ್ಯಾಡ್ರಿ, ಏನೂ ಸುಟ್ಟಿರಂಗಿಲ್ಲ. ರ‍್ಯಾಮ್ ಏಳಲಿಲ್ಲ ಅಂದ್ರ ನಮ್ಮ ಕಡೆ ಎಲ್ಲಾರೂ ಮಾಡ್ದಂಗ ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲಿಗೆ ರಬ್ಬರ್‌ಲೆ ತಿಕ್ಕಿ ಹಾಕಬ್ಯಾಡ್ರಿ, ಮೊದಲ ಸೆಟ್ಟಿಂಗ್ ಅಳಿಸ್ರಿ.

ನಾಕನೇದು 3200 ಇಟ್ಟು ಟೈಮಿಂಗ್ ಬಿಗಿ ಮಾಡಿದ್ದು, ಸಿಎಲ್14. 15 ಯಾಕಿಲ್ಲ ಅಂದ್ರ ಗೇರ್ ಡೌನ್ ಮೋಡ್ ಅನ್ನೋ ಒಂದು ಸೆಟ್ಟಿಂಗ್ ಆನ್ ಇದ್ರ ಬೆಸ ನಂಬರನ್ನ ಅದು ಮುಂದಿನ ಸಮ ನಂಬರ್‌ಗೆ ತಳ್ಳತೈತಿ, ನೀವು 15 ಹಾಕ್ರಿ, ಅದು 16ನ ಓಡಸ್ತೈತಿ. ಎರಡು ಸಂಜಿ ಹಾಳು ಮಾಡಿ ಬಂದಿದ್ದು 72 ಫ್ರೇಮ್. ನನ್ನಂಥ ಗ್ರಾಫಿಕ್ಸ್ ಕಾರ್ಡ್ ಇಲ್ದಾವ್ರಿಗೆ ಬೇಕಾಗಿದ್ದು ದಾರಿ ಅಗಲ ಇರೋದು, ಬೇಗ ಬರೋದಲ್ಲ, ಹಿಂಗಾಗಿ ಇದು ನನಗ ಬರೇ ಕಿರಿಕಿರಿ. ಕಾರ್ಡ್ ಇದ್ದಾವ್ರಿಗೆ ಲೆಕ್ಕ ಬ್ಯಾರೆ ಇರಬಹುದು. ಮತ್ತ ಆಲ್ಬಮ್ ಎಕ್ಸ್‌ಪೋರ್ಟ್ ಹಾಕಿ ನೋಡಿದ್ರ ಈ ಪ್ರೊಫೈಲಿಗೂ ಕೈಲೆ ಮಾಡಿದ ಎರಡಕ್ಕೂ ಗಡಿಯಾರದಾಗ ಹೇಳುವಂಥ ಫರಕ ಇಲ್ರಿ.

ಇಷ್ಟೂ ಮಾಡಿದ್ದು ಡಿಸೆಂಬರ್‌ನ್ಯಾಗ. 3600 ಹಾಕಿ ಟೆಸ್ಟ್‌ಮೆಮ್5 ಅನ್ನೋ ರ‍್ಯಾಮಿನ ತಪ್ಪು ಹುಡುಕೋ ಪ್ರೋಗ್ರಾಮ್ ರಾತ್ರಿಯಿಡೀ ಓಡಿಸಿದ್ದೆ, ಒಂದೂ ಎರರ್ ಇಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಆತು, ಯುಗಾದಿ ಆತು, ಎಲ್ಲಾ ಆರಾಮ. ಏಪ್ರಿಲ್ ಕಡೀಕ ಮದುವಿ ಸೀಜನ್ನು, ಹೊರಗ 41 ಡಿಗ್ರಿ, ನನ್ನ ಕೆಲಸದ ಖೋಲಿ ಮ್ಯಾಳಗಿ ಮ್ಯಾಲ, ಮಧ್ಯಾಹ್ನ ಮೂರಕ್ಕ ಗ್ವಾಡಿ ಮುಟ್ಟಿದ್ರ ಬಿಸಿ. ಕ್ಯಾಮೆರಾ ಕಾರ್ಡಿಂದ ಫೋಟೋ ಕಾಪಿ ಮಾಡಿದೆ. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಏನೂ ಇಲ್ಲ. ರಾತ್ರಿ ಫೋಟೋ ಒಂದೊಂದಾಗಿ ತಗದು ನೋಡ್ತೀನಿ, ಅಕ್ಷತಿ ಬೀಳೋ ಫೋಟೋ, ಮ್ಯಾಲಿನ ಅರ್ಧದಾಗ ಚಪ್ಪರ, ಎತ್ತಿದ ಕೈಗಳು, ಕಾಳು ಗಾಳ್ಯಾಗ ನಿಂತಾವು, ಅಲ್ಲಿಂದ ಕೆಳಗ ಮದುಮಗ ಮದುಮಗಳು ಇರೋ ಜಾಗಾ ಪೂರಾ ಬೂದಿ ಬಣ್ಣ. ಅಂಥಾವು ಏಳು ಫೋಟೋ. ಎದಿ ಧಸಕ್ ಅಂತು. ನಸೀಬ ಚಲೋ ಇತ್ತು, ಕಾರ್ಡ್ ಇನ್ನಾ ಫಾರ್ಮ್ಯಾಟ್ ಆಗಿದ್ದಿಲ್ಲ, ಪ್ರೊಫೈಲ್‌ಗೆ ಇಳಿಸಿ ಮತ್ತ ಕಾಪಿ ಮಾಡಿದೆ, ಎಲ್ಲಾ ಸರಿ ಬಂದ್ವು.

ಮರುದಿನ ಮಧ್ಯಾಹ್ನ 3600 ಹಾಕಿ ಅದ ಟೆಸ್ಟ್ ಮತ್ತ ಓಡಿಸಿದೆ, 20 ನಿಮಿಷದಾಗ ಎರರ್. ಯಾಕ ಅಂತ ಕೇಳಿದ್ರ, ರ‍್ಯಾಮ್ ಒಳಗ ಇರೋದು ಸಣ್ಣ ಸಣ್ಣ ಸೋರೋ ಕೊಡ ಇದ್ದಂಗ, ಚಾರ್ಜ್ ಸೋರ್ತನ ಇರ್ತೈತಿ, ಸಾದಾ ಬಿಸಿಯೊಳಗ 64 ಮಿಲಿಸೆಕೆಂಡಿಗೊಮ್ಮೆ ಎಲ್ಲಾ ಕೊಡಾ ಮತ್ತ ತುಂಬಬೇಕು. ಬಿಸಿ ಏರಿದಂಗ ಲಗೂ ಸೋರ್ತಾವು. ನಾ ಶಾಣ್ಯಾತನ ಮಾಡಿ ಆ ತುಂಬೋ ಟೈಮನ್ನ, ಟಿಆರ್‌ಎಫ್‌ಸಿ ಅಂತಾರ, 630 ಬಡಿತ ಇದ್ದದ್ದು 504ಕ್ಕ ಇಳಿಸಿದ್ದೆ. ಚಳಿಗಾಲದಾಗ ಅಷ್ಟರಾಗ ಸಾಗ್ತಿತ್ತು, ಬ್ಯಾಸಗ್ಯಾಗ ಕೊಡಾ ಪೂರಾ ತುಂಬಲಿಲ್ಲ. ಅದನ್ನ ಮತ್ತ 630 ಮಾಡಿದ ಮ್ಯಾಲ ಎರರ್ ಕಮ್ಮಿ ಆದ್ವು, ಪೂರಾ ನಿಲ್ಲಲಿಲ್ಲ. ಕ್ಯಾಬಿನೆಟ್ ಮುಂದಿನ ಗ್ಲಾಸ್ ತಗದು ಒಳಗಿನ ಧೂಳಾ ಝಾಡಿಸಿದಮ್ಯಾಲ ಇನ್ನಷ್ಟು ಕಮ್ಮಿ. ಆದ್ರೂ ಮದುವಿ ಫೋಟೋ ಮ್ಯಾಲ "ಕಮ್ಮಿ ಎರರ್" ಅನ್ನೋ ಮಾತು ನಡೆಯಂಗಿಲ್ಲ.

ಹಿಂಗಾಗಿ ನಮ್ಮ ಕಡ್ಯಾವ್ರು ಟೆಸ್ಟ್ ಮಾಡೋದಿದ್ರ ರಾತ್ರಿ ಎಸಿ ಹಾಕ್ಕೊಂಡು ಮಾಡಬ್ಯಾಡ್ರಿ, ಮಧ್ಯಾಹ್ನ ಎರಡರಿಂದ ಐದರ ತನಕ ಮಾಡ್ರಿ, ಗ್ರಾಫಿಕ್ಸ್‌ಗೂ ಜೋಡಿ ಲೋಡ್ ಕೊಡ್ರಿ, ಆಗ ಖರೆ ಬಣ್ಣ ಕಾಣತೈತಿ. ಮೊದಲ ಪೆನ್ ಡ್ರೈವಿಂದ ಮೆಮ್‌ಟೆಸ್ಟ್86, ಅದರ ಫ್ರೀ ವರ್ಷನ್‌ನ್ಯಾಗ ನಾಕು ಪಾಸ್ ಸಿಗ್ತಾವು. ವಿಂಡೋಸ್ ಎಬ್ಬಿಸೋಕಿಂತ ಮುಂಚೆ ಇದನ್ನ ಮಾಡಬೇಕು, ಯಾಕಂದ್ರ ರ‍್ಯಾಮ್ ಹದಗೆಟ್ಟಿದ್ರ ವಿಂಡೋಸಿನ ಫೈಲೂ ಹಂಗ ಕೆಡ್ತಾವು. ಅದಾದ ಮ್ಯಾಲ ಟೆಸ್ಟ್‌ಮೆಮ್5. ಒಂದು ಎರರ್ ಬಂದ್ರೂ ಅದು ಫೇಲ್, "ಒಂದ ಅಲ್ಲೇನು" ಅಂತ ಬಿಡೋಹಂಗಿಲ್ಲ.

ಇಂಟೆಲ್‌ನವ್ರು ರೊಕ್ಕ ಹಾಕೋಕಿಂತ ಮುಂಚೆ ಬೋರ್ಡ್ ನೋಡ್ಕೋರಿ. ಎಚ್410 ಬೋರ್ಡಿನ್ಯಾಗ ಐ5-10400 ಪ್ರೊಸೆಸರ್ ಹಾಕಿದ್ರ 3200ದ ರ‍್ಯಾಮ್ ತಂದ್ರೂ 2666 ಮ್ಯಾಲ ಹೋಗಂಗಿಲ್ಲ, ಬಿ560ರಿಂದ ಈಚೆ ಬಿ ಬೋರ್ಡಿನ್ಯಾಗ ಏರಿಸಾಕ ಬಿಡ್ತಾರ. ಎರಡು ಬ್ಯಾರೆ ಬ್ಯಾರೆ ಕಂಪನಿ ಸ್ಟಿಕ್ ಕೂಡಿಸಿದ್ರ ಪ್ರೊಫೈಲೂ ಕೈ ಕೊಡಬಹುದು, ಆಗಂತೂ ಕೈಲೆ ಏರಿಸೋ ಮಾತ ಬ್ಯಾಡ.

ನಾ ಈಗ ಬಯಾಸ್‌ನ್ಯಾಗ ಎರಡು ಸೆಟ್ಟಿಂಗ್ ಸೇವ್ ಮಾಡಿಟ್ಟೀನಿ, ಒಂದಕ್ಕ "ಚಳಿ" ಅಂತ ಹೆಸರು, 3600, ಟಿಆರ್‌ಎಫ್‌ಸಿ ಮಾತ್ರ 630ನ. ಇನ್ನೊಂದು "ಬ್ಯಾಸಗಿ", ಸಾದಾ ಪ್ರೊಫೈಲು. ಸದ್ಯ ಬ್ಯಾಸಗಿ ಓಡಾಕತ್ತೈತಿ, ಆರು ಫ್ರೇಮ್ ಕಮ್ಮಿ. ದೀಪಾವಳಿ ಮುಗೀಲಿ, ಲಗ್ನದ ಆರ್ಡರ್ ಎಲ್ಲಾ ಕೊಟ್ಟು ಖಾಲಿ ಆದಮ್ಯಾಲ ಬದಲಿ ಮಾಡ್ತೀನಿ.