‘ಜರ್ನಲ್ ಆಫ್ ಟೀಚಿಂಗ್ ಇನ್ ಫಿಸಿಕಲ್ ಎಜುಕೇಷನ್’: ಲೇಖಕರಿಗೆ ಸಿಗುವ ಸೇವೆಯ ವಿಮರ್ಶೆ

ದೈಹಿಕ ಶಿಕ್ಷಣದಲ್ಲಿ ಸಂಶೋಧನೆ ಮಾಡುತ್ತಿರುವ ಅಧ್ಯಾಪಕರಿಗೆ ಲೇಖನ ಬರೆಯುವುದಕ್ಕಿಂತ ಅದನ್ನು ಎಲ್ಲಿಗೆ ಕಳಿಸುವುದೆಂಬ ಚಿಂತೆಯೇ ದೊಡ್ಡದಾಗಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಾಗಿದ್ದ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲೆ, ಪತ್ರಿಕೆಯ ಯೋಗ್ಯತೆಯನ್ನು ತೂಗಿ ನೋಡುವ ಹೊಣೆ ವಿಶ್ವವಿದ್ಯಾಲಯಗಳ ಮೇಲೂ ಸ್ವತಃ ಲೇಖಕರ ಮೇಲೂ ಬಿದ್ದಿದೆ. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆ ಎನ್ನುವ ಸಂದೇಶಗಳು ಎಲ್ಲರ ಫೋನಿಗೂ ಬರುತ್ತಿರುವ ಈ ಹೊತ್ತಿನಲ್ಲಿ, ನಮ್ಮ ಕ್ಷೇತ್ರದ ಒಂದು ಗಟ್ಟಿ ಪತ್ರಿಕೆ ಲೇಖಕರಿಂದ ಏನು ಕೇಳುತ್ತದೆ, ಪ್ರತಿಯಾಗಿ ಏನು ಕೊಡುತ್ತದೆ ಎಂಬುದನ್ನು ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ಈ ಪತ್ರಿಕೆ 1981ರಲ್ಲಿ ಆರಂಭವಾಯಿತು. ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ನಗರದಲ್ಲಿರುವ ಹ್ಯೂಮನ್ ಕೈನೆಟಿಕ್ಸ್ ಸಂಸ್ಥೆ ಇದರ ಪ್ರಕಾಶಕರು. ವರ್ಷಕ್ಕೆ ನಾಲ್ಕು ಸಂಚಿಕೆಗಳು ಬರುತ್ತವೆ. ಹೆಸರಿನಲ್ಲಿರುವ ‘ಟೀಚಿಂಗ್’ ಎಂಬ ಪದವನ್ನು ಲೇಖಕರು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಬಡ್ಡಿ ಮತ್ತು ಖೋ-ಖೋ ಆಟಗಾರರ ಸ್ಫೋಟಕ ಶಕ್ತಿಯನ್ನು ಹೋಲಿಸಿ ಟಿ-ಟೆಸ್ಟ್ ಎಂಬ ಅಂಕಿಅಂಶ ಪರೀಕ್ಷೆ ಮಾಡಿರುವ ಲೇಖನಕ್ಕೆ, ಅದು ಎಷ್ಟೇ ಶ್ರದ್ಧೆಯಿಂದ ಸಿದ್ಧವಾಗಿದ್ದರೂ, ಇಲ್ಲಿ ಜಾಗವಿಲ್ಲ. ಅಂಥದ್ದು ಕ್ರೀಡಾ ವಿಜ್ಞಾನದ ಪತ್ರಿಕೆಗೆ ಹೋಗಬೇಕು. ಶಿಕ್ಷಕರು ತರಗತಿಯನ್ನು ಹೇಗೆ ನಡೆಸುತ್ತಾರೆ, ಮಕ್ಕಳು ಏನನ್ನು ಕಲಿಯುತ್ತಾರೆ, ಪಠ್ಯಕ್ರಮ ಮೈದಾನಕ್ಕೆ ಇಳಿದಾಗ ಏನಾಗುತ್ತದೆ, ಶಿಕ್ಷಕರ ತರಬೇತಿ ಅವರ ನಡವಳಿಕೆಯನ್ನು ಬದಲಿಸುತ್ತದೆಯೇ ಎಂಬಂಥ ಪ್ರಶ್ನೆಗಳು ಈ ಪತ್ರಿಕೆಯ ಜೀವಾಳ. ಮಕ್ಕಳನ್ನು ತಂಡಗಳಾಗಿಸಿ ಪಂದ್ಯಾವಳಿಯ ರೂಪದಲ್ಲಿ ಆಟ ಕಲಿಸುವ, ಡೇರಿಲ್ ಸೀಡನ್‌ಟಾಪ್ ರೂಪಿಸಿದ ಸ್ಪೋರ್ಟ್ ಎಜುಕೇಷನ್ ಮಾದರಿ, 1982ರಲ್ಲಿ ಇಂಗ್ಲೆಂಡಿನ ಬಂಕರ್ ಮತ್ತು ಥಾರ್ಪ್ ಮುಂದಿಟ್ಟ, ಆಟದ ಅರಿವಿನ ಮೂಲಕ ಕೌಶಲ ಕಲಿಸುವ ಮಾದರಿ ಇವೆಲ್ಲ ಇದರ ಪುಟಗಳಲ್ಲಿ ಮತ್ತೆ ಮತ್ತೆ ಚರ್ಚೆಯಾಗಿವೆ. ನಮ್ಮ ಶಾಲೆಗಳ ಖೋ-ಖೋ ಪಾಠವನ್ನು ಇಂಥ ಮಾದರಿಯೊಂದರಲ್ಲಿ ಕಲಿಸಿ ನೋಡಿದವರಿಗೆ ಇಲ್ಲಿ ಖಂಡಿತ ಹೇಳುವುದಿದೆ.

ಲೇಖನದ ಸಿದ್ಧತೆಯಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ವಿಧಾನದ ಭಾಗ. ‘ಪ್ರಾಯೋಗಿಕ ಗುಂಪಿಗೆ ಹೊಸ ವಿಧಾನದಲ್ಲಿ ಆರು ವಾರ ಕಲಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಮುಗಿಸುವ ರೂಢಿ ನಮ್ಮ ಪ್ರಬಂಧಗಳಲ್ಲಿ ಬೇರೂರಿದೆ. ಪತ್ರಿಕೆಯ ಪರವಾಗಿ ಲೇಖನವನ್ನು ಓದಿ ತೂಗುವ ಈ ಮಟ್ಟದ ಪರಿಶೀಲಕರು ಅಷ್ಟಕ್ಕೆ ತೃಪ್ತರಾಗುವುದಿಲ್ಲ. ಪಾಠವನ್ನು ಕಲಿಸಿದವರು ಯಾರು, ಅವರಿಗೆ ಮೊದಲೇ ತರಬೇತಿ ಇತ್ತೇ, ಒಂದು ಅವಧಿಯಲ್ಲಿ ಮಕ್ಕಳು ನಿಜವಾಗಿ ಆಡುತ್ತಾ ಕಳೆದ ಸಮಯ ಎಷ್ಟು, ಹೊಸ ಮಾದರಿಯನ್ನು ಅದರ ನಿಯಮದಂತೆಯೇ ಅನುಸರಿಸಲಾಯಿತೆಂದು ಹೇಳಲು ವೀಕ್ಷಣೆಯ ದಾಖಲೆ ಏನಿದೆ ಎಂಬುದನ್ನು ಅವರು ಕೇಳುತ್ತಾರೆ. ಅಂಕಿಅಂಶಗಳ ವಿಷಯದಲ್ಲೂ ಅಷ್ಟೆ. ಒಂದು ಶಾಲೆಯ ಎರಡು ವಿಭಾಗಗಳನ್ನು ತೆಗೆದುಕೊಂಡು, ಒಂದನ್ನು ಪ್ರಾಯೋಗಿಕ ಗುಂಪು, ಇನ್ನೊಂದನ್ನು ನಿಯಂತ್ರಿತ ಗುಂಪು ಎಂದು ಕರೆದು, ಎಂಬತ್ತು ಮಕ್ಕಳನ್ನು ಎಂಬತ್ತು ಸ್ವತಂತ್ರ ಮಾಪನಗಳೆಂದು ಲೆಕ್ಕ ಹಾಕಿದರೆ ಆಕ್ಷೇಪ ಬರುವುದು ಸಹಜ. ಏಕೆಂದರೆ ಒಂದೇ ಶಿಕ್ಷಕರ ಕೈಯಲ್ಲಿ ಒಟ್ಟಿಗೆ ಕಲಿತ ಮಕ್ಕಳ ಅಂಕಗಳು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ, ಮತ್ತು ಕಂಡುಬಂದ ವ್ಯತ್ಯಾಸ ವಿಧಾನದ್ದೋ ಶಿಕ್ಷಕರದ್ದೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವವನ್ನು ಹೇಳುವ ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದಿದೆ ಎನ್ನುವುದರ ಜೊತೆಗೆ ಎಫೆಕ್ಟ್ ಸೈಜ್, ಅಂದರೆ ವ್ಯತ್ಯಾಸದ ಗಾತ್ರ, ಎಷ್ಟು ಎಂಬುದನ್ನೂ ಕೊಡಬೇಕು. ಈ ಬಿಗಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಂಥ ಪ್ರಶ್ನೆಗಳನ್ನು ಮಾಹಿತಿ ಸಂಗ್ರಹಕ್ಕೆ ಮೊದಲೇ ಕೇಳಿಕೊಂಡ ಸಂಶೋಧನಾರ್ಥಿಯ ಅಧ್ಯಯನವೇ ಬೇರೆ ರೀತಿ ಇರುತ್ತದೆ.

ಮಕ್ಕಳ ಮೇಲಿನ ಅಧ್ಯಯನವಾದ್ದರಿಂದ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಮುಖ್ಯೋಪಾಧ್ಯಾಯರ ಸಹಿ ಇದ್ದರೆ ಸಾಕು ಎಂಬ ನಂಬಿಕೆ ತಪ್ಪು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿಯನ್ನೂ, ಅದಕ್ಕಿಂತ ದೊಡ್ಡವರಾದ, 18 ತುಂಬದ ಮಕ್ಕಳ ಲಿಖಿತ ಸಮ್ಮತಿಯನ್ನೂ ಪಡೆಯಬೇಕಾಗುತ್ತದೆ. ಅಧ್ಯಯನ ಮುಗಿದ ಮೇಲೆ ಈ ಒಪ್ಪಿಗೆಯನ್ನು ಹಿಂದಿನ ದಿನಾಂಕಕ್ಕೆ ಪಡೆಯಲು ಬರುವುದಿಲ್ಲ.

ಸಲ್ಲಿಕೆ ನಡೆಯುವುದು ಸ್ಕಾಲರ್‌ಒನ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಹೊರನೋಟಕ್ಕೆ ಇದು ಹಳೆಯ ಕಾಲದ್ದೆನಿಸುತ್ತದೆ, ಮೊಬೈಲಿನಲ್ಲಿ ಬಳಸಲು ಹೋದರೆ ಕಷ್ಟವೇ ಸರಿ; ಆದರೆ ಕಂಪ್ಯೂಟರಿನ ಮುಂದೆ ಕುಳಿತವರಿಗೆ ದಾರಿ ತಪ್ಪುವುದಿಲ್ಲ. ಶೀರ್ಷಿಕೆ ಮತ್ತು ಸಾರಾಂಶ, ಕೀವರ್ಡ್‌ಗಳು, ಸಹಲೇಖಕರ ವಿವರ, ಕಡತಗಳು, ಘೋಷಣೆಗಳು ಹೀಗೆ ಹಂತ ಹಂತವಾಗಿ ಕೇಳುತ್ತಾ ಹೋಗುತ್ತದೆ, ಅರ್ಧಕ್ಕೆ ನಿಲ್ಲಿಸಿದರೂ ತುಂಬಿದ ಮಾಹಿತಿಯನ್ನು ಕಾಯ್ದಿಡುತ್ತದೆ. ಕೊನೆಯಲ್ಲಿ ಎಲ್ಲ ಕಡತಗಳನ್ನೂ ಸೇರಿಸಿ ಒಂದು ಪಿಡಿಎಫ್ ತಯಾರಿಸಿ, ಅದನ್ನು ತೆರೆದು ನೋಡಿದ ಬಳಿಕವೇ ಸಲ್ಲಿಕೆಗೆ ಬಿಡುವುದು ಈ ವ್ಯವಸ್ಥೆಯ ಅತ್ಯುತ್ತಮ ಗುಣ. ಕೋಷ್ಟಕಗಳು ಚೆದುರಿರುವುದು, ಚಿತ್ರಗಳು ಮಸುಕಾಗಿರುವುದು ಆಗಲೇ ಕಣ್ಣಿಗೆ ಬೀಳುತ್ತವೆ. ಪರಿಶೀಲನೆಯಲ್ಲಿ ಲೇಖಕರಾರೆಂದು ಪರಿಶೀಲಕರಿಗೂ ಪರಿಶೀಲಕರಾರೆಂದು ಲೇಖಕರಿಗೂ ತಿಳಿಯದಂತೆ ಇಡುವುದರಿಂದ, ಹೆಸರುಗಳಿರುವ ಮೊದಲ ಪುಟವನ್ನು ಬೇರೆ ಕಡತವಾಗಿ ಏರಿಸಬೇಕು. ಮುಖ್ಯ ಕಡತದಲ್ಲಿ ಕಾಲೇಜಿನ ಹೆಸರು, ಕೃತಜ್ಞತೆಯ ಸಾಲು, ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬ ಮಾತು ಮಾತ್ರವಲ್ಲ, ವರ್ಡ್ ಕಡತದ ಗುಣವಿವರಗಳಲ್ಲಿ ತಾನಾಗಿ ಸೇರಿಕೊಂಡ ಲೇಖಕರ ಹೆಸರನ್ನೂ ಅಳಿಸಬೇಕೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಉಲ್ಲೇಖಗಳು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ರೂಪಿಸಿದ ಎಪಿಎ ಶೈಲಿಯಲ್ಲಿರಬೇಕು. 2019ರಲ್ಲಿ ಬಂದ ಅದರ ಏಳನೆಯ ಆವೃತ್ತಿಯನ್ನು ಉಚಿತವಾಗಿ ಸಿಗುವ ಜೊಟೆರೊ ತಂತ್ರಾಂಶ ಚೆನ್ನಾಗಿ ನಿಭಾಯಿಸುತ್ತದೆ. ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕೆಗಳ ಆರ್ಕಿಡ್ ಗುರುತನ್ನೂ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು, ಅದಕ್ಕೂ ಹಣವಿಲ್ಲ.

ಲೇಖನದ ಸಾಲುಗಳು ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತವೆ ಎಂದು ನೋಡುವ ಸಾಮ್ಯ ಪರೀಕ್ಷೆಯನ್ನು ಸಲ್ಲಿಸುವ ಮುನ್ನ ಮಾಡಿಸಿಕೊಳ್ಳಲು ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ನೆರವಾಗುತ್ತವೆ. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಶುದ್ಧಿ ಯೋಜನೆಯಲ್ಲಿ ಬೆಂಗಳೂರಿನ ಡ್ರಿಲ್‌ಬಿಟ್ ತಂತ್ರಾಂಶ ಬಳಕೆಗೆ ಬಂದಿದೆ. ಯುಜಿಸಿಯ 2018ರ ನಿಯಮ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆ ವಿಧಿಸುವುದಿಲ್ಲ ನಿಜ, ಆದರೆ ಆ ಶೇ. 10 ಇನ್ನೊಬ್ಬರ ಚರ್ಚೆಯ ಭಾಗದಿಂದ ಎತ್ತಿದ ಒಂದೇ ಪರಿಚ್ಛೇದವಾಗಿದ್ದರೆ ಯಾವ ಸಂಪಾದಕರೂ ಅದನ್ನು ಒಪ್ಪಲಾರರು.

ಶುಲ್ಕದ ವಿಷಯದಲ್ಲಿ ಲೇಖಕರಿಗೆ ನೆಮ್ಮದಿಯಿದೆ. ಚಂದಾದಾರರಿಗೆ ಮಾತ್ರ ತೆರೆದಿರುವ ರೀತಿಯಲ್ಲಿ ಪ್ರಕಟವಾಗಲು ಒಪ್ಪಿದರೆ ಲೇಖಕರು ಹಣ ಕೊಡಬೇಕಿಲ್ಲ, ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದರೆ ಮಾತ್ರ ಶುಲ್ಕವಿದೆ. ಇದರ ಇನ್ನೊಂದು ಮುಖ ನನಗೆ ನೋವು ತರುತ್ತದೆ: ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಲು ಸುಲಭದ ದಾರಿಯಿಲ್ಲ, ಮತ್ತು ಓದದೆ ಇದಕ್ಕೆ ಒಪ್ಪುವಂತೆ ಬರೆಯುವುದು ಅಸಾಧ್ಯವೆಂದೇ ಹೇಳಬೇಕು. ಭಾಷೆಯ ಅಡ್ಡಿಯೂ ಇದೆ. ಕನ್ನಡದಲ್ಲಿ ನಡೆಸಿದ ಸಂದರ್ಶನದ ಮಾತುಗಳನ್ನು ಇಂಗ್ಲಿಷಿಗೆ ತಂದವರು ಯಾರು, ಅದನ್ನು ಸರಿನೋಡಿದವರು ಯಾರು ಎಂಬುದನ್ನು ಲೇಖನದಲ್ಲಿ ದಾಖಲಿಸಬೇಕು, ಇಲ್ಲವಾದರೆ ಆ ಮಾತುಗಳ ವಿಶ್ವಾಸಾರ್ಹತೆಯೇ ಪ್ರಶ್ನೆಗೆ ಒಳಗಾಗುತ್ತದೆ.

ಪರಿಶೀಲಕರ ಟಿಪ್ಪಣಿಗಳು ಬಂದಾಗ, ‘ದೊಡ್ಡ ತಿದ್ದುಪಡಿ’ ಎಂಬ ತೀರ್ಪನ್ನು ತಿರಸ್ಕಾರವೆಂದು ಭಾವಿಸಿ ಕೈಬಿಡುವವರನ್ನು ಕಂಡಿದ್ದೇನೆ. ಅದು ಬಾಗಿಲು ತೆರೆದಿದೆ ಎಂಬ ಸೂಚನೆ. ಪ್ರತಿ ಟಿಪ್ಪಣಿಯನ್ನೂ ಇದ್ದಂತೆಯೇ ಬರೆದು, ಅದರ ಕೆಳಗೆ ಉತ್ತರವನ್ನೂ ಬದಲಾವಣೆ ಯಾವ ಪುಟದಲ್ಲಿದೆ ಎಂಬುದನ್ನೂ ಕೊಡಬೇಕು. ಒಪ್ಪದ ಮಾತಿದ್ದರೆ ಕಾರಣ ಕೊಟ್ಟು ವಿನಯದಿಂದ ನಿರಾಕರಿಸಬಹುದು. ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ, ಆ ಅವಧಿಯಲ್ಲಿ ಲೇಖನವನ್ನು ಮತ್ತೊಂದು ಪತ್ರಿಕೆಗೆ ಕಳಿಸುವಂತಿಲ್ಲ. ಆದ್ದರಿಂದ ಬಡ್ತಿಯ ಸಂದರ್ಶನ ಹತ್ತಿರವಿರುವವರಿಗೆ ಇದನ್ನು ನಾನು ಸೂಚಿಸಲಾರೆ. ಸಮಯವಿದ್ದು, ಕಲಿಸುವ ಬಗೆಯ ಮೇಲೆ ನಿಜವಾದ ಪ್ರಶ್ನೆಯಿರುವವರಿಗೆ ಮೊದಲ ಆಯ್ಕೆಯಾಗಿ ಇದನ್ನೇ ಸೂಚಿಸುತ್ತೇನೆ. ಕೊನೆಗೆ ತಿರಸ್ಕೃತವಾದರೂ ಟಿಪ್ಪಣಿಗಳ ಪ್ರಕಾರ ತಿದ್ದಿದ ಲೇಖನವನ್ನು ‘ಯುರೋಪಿಯನ್ ಫಿಸಿಕಲ್ ಎಜುಕೇಷನ್ ರಿವ್ಯೂ’ ಅಥವಾ ‘ಫಿಸಿಕಲ್ ಎಜುಕೇಷನ್ ಆ್ಯಂಡ್ ಸ್ಪೋರ್ಟ್ ಪೆಡಗಾಜಿ’ಗೆ ಕಳಿಸಬಹುದು, ಎರಡನೆಯದಕ್ಕೆ ಉಪಶೀರ್ಷಿಕೆಗಳುಳ್ಳ ದೀರ್ಘ ಸಾರಾಂಶ ಬೇಕಾಗುವುದರಿಂದ ಅದನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.