ಹತ್ತು ಪಟ್ಟಿನ ಮಡಚುವ ಭೂತಗನ್ನಡಿ, ನಾಲ್ಕು ತಿಂಗಳು ಬಳಸಿದ ಮೇಲೆ

ಸಾಗರದಿಂದ ಶೆಫೀಲ್ಡ್‌ಗೆ, ಮಗನ ಮನೆಗೆ, ಬಂದ ವಾರದಲ್ಲೇ ಇದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮೂರು ಗಾಜು ಅಂಟಿಸಿ ಮಾಡಿದ ಮಸೂರ, ಲೋಹದ ಕವಚದೊಳಗೆ ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. 14 ಪೌಂಡ್ ಆಯಿತು. ಇದಕ್ಕೂ ಮೊದಲು ಊರಲ್ಲಿ ‘30 ಪಟ್ಟು’ ಎಂದು ಬರೆದಿದ್ದ ಅಗ್ಗದ್ದೊಂದು ತಗೊಂಡು ಮೋಸ ಹೋಗಿದ್ದೆ. ಅದರಲ್ಲಿ ಏನು ನೋಡಿದರೂ ಅಂಚಿಗೆ ನೀಲಿ, ಕೆಂಪು ಗೆರೆ ಕಾಣುತ್ತಿತ್ತು. ಇದರಲ್ಲಿ ಆ ತೊಂದರೆ ಇಲ್ಲ.

ಹೈಸ್ಕೂಲಿನಲ್ಲಿ 31 ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಬೋರ್ಡಿನ ಮೇಲೆ ಎಷ್ಟು ದುಂಬಿ (ಬೀಟಲ್) ಬರೆದೆನೋ ಲೆಕ್ಕವಿಲ್ಲ. ಆದರೆ ಒಂದು ದುಂಬಿಯನ್ನು ನಿಜವಾಗಿ ನೋಡಿದ್ದು ಈ ಹಿತ್ತಲಲ್ಲಿ, ಈ ಗಾಜಿನಲ್ಲಿ.

ಅದರ ಹೆಸರು ನೋಟಿಯೊಫಿಲಸ್ ಬೈಗಟೇಟಸ್. ನೆಲದ ಮೇಲೆ ಓಡಾಡುವ ದುಂಬಿ, ಉದ್ದ 5 ಮಿಲಿಮೀಟರ್ ಅಷ್ಟೇ. ಇದರ ಬಂಧುಗಳಲ್ಲಿ ಹೆಚ್ಚಿನವು ರಾತ್ರಿ ಹೊರಡುತ್ತವೆ, ಇದು ಮಾತ್ರ ಹಗಲಿನ ಬೇಟೆಗಾರ. ಒಣಗಿದ ಎಲೆಗಳ ನಡುವೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಹುಳುಗಳನ್ನು ಕಣ್ಣಲ್ಲೇ ಗುರುತಿಸಿ ಹಿಡಿಯುತ್ತದೆ. ಬರಿಗಣ್ಣಿಗೆ ಕಂಚಿನ ಬಣ್ಣದ ಒಂದು ಚೂರು ಓಡಿದ ಹಾಗೆ ಕಾಣುತ್ತದೆ. ಗಾಜಿನ ಬಾಟಲಿಗೆ ಹಾಕಿ ಐದು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸ್ವಲ್ಪ ನಿಧಾನವಾಗುತ್ತದೆ. ಆಗ ನೋಡಬೇಕು.

ಏನು ಕಣ್ಣು ಅಂತೀರಿ! ತಲೆಯ ಎರಡೂ ಬದಿಗೆ ಉಬ್ಬಿಕೊಂಡು ತಲೆಯೇ ಕಣ್ಣಾದಂತಿದೆ. ಎರಡು ಕಣ್ಣಿನ ಮಧ್ಯೆ ಉಳುಮೆಯ ಸಾಲಿನ ಹಾಗೆ ನೇರ ಗೀರುಗಳು. ಬೆನ್ನ ಮೇಲಿನ ಗಟ್ಟಿ ರೆಕ್ಕೆಗಳಲ್ಲಿ ಚುಕ್ಕೆ ಚುಕ್ಕೆಯ ಸಾಲುಗಳಿವೆ. ನಡುಗೆರೆಯ ಪಕ್ಕದಲ್ಲಿ ಮಾತ್ರ ಅಗಲವಾದ ಒಂದು ಪಟ್ಟಿ ಸಾಲಿಲ್ಲದೆ ಕನ್ನಡಿಯಂತೆ ಹೊಳೆಯುತ್ತದೆ. ರೆಕ್ಕೆಗಳ ತುದಿಯಲ್ಲಿ ಒಂದೊಂದು ಮಾಸಲು ಹಳದಿ ಮಚ್ಚೆ. 1779ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಇಟ್ಟ ಬೈಗಟೇಟಸ್ ಎಂಬ ಹೆಸರಿನಲ್ಲಿರುವ ‘ಎರಡು ಹನಿ’ ಇವೇ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಹೊಟ್ಟೆಯ ಕಡೆ. ದುಂಬಿ ಬಾಟಲಿಯ ಗೋಡೆ ಹತ್ತಿದಾಗ ಹೊರಗಿನಿಂದ ನೋಡಿದೆ. ಹಿಂಗಾಲಿನ ಬುಡದ ಫಲಕ ಹೊಟ್ಟೆಯ ಮೊದಲ ಪಟ್ಟಿಯನ್ನು ಕತ್ತರಿಸಿಕೊಂಡು ಹಿಂದಕ್ಕೆ ಹೋಗಿದೆ. ಅಡೆಫಾಗಾ ಎಂಬ ದುಂಬಿಗಳ ದೊಡ್ಡ ಗುಂಪಿನ ಗುರುತೇ ಅದು. ನೆಲದ ದುಂಬಿಗಳ ಕುಟುಂಬವಾದ ಕ್ಯಾರಬಿಡೆ ಬರುವುದು ಈ ಗುಂಪಿನಲ್ಲೇ. ಎಷ್ಟು ವರ್ಷ ಇದನ್ನು ಬಾಯಿಪಾಠ ಮಾಡಿಸಿದ್ದೆ! ಸುಮ್ನೆ ಒಂದು ಬಾಟಲಿ ಹಿಡಿದು ನೋಡಿದ್ದರೆ ಮಕ್ಕಳಿಗೂ ಕಾಣುತ್ತಿತ್ತು, ಅಲ್ವಾ?

ಬಳಸುವ ರೀತಿ ಗೊತ್ತಿರಬೇಕು. ಪೇಪರ್ ಓದುವ ಹಾಗೆ ದೂರ ಹಿಡಿದರೆ ಏನೂ ಕಾಣುವುದಿಲ್ಲ. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ನೋಡುವ ವಸ್ತುವನ್ನು ಗಾಜಿನಿಂದ ಎರಡೂವರೆ ಸೆಂಟಿಮೀಟರ್‌ವರೆಗೆ ತರಬೇಕು. ಬೆಳಕು ಪಕ್ಕದಿಂದ ಬಿದ್ದರೆ ಗೀರುಗಳು ಎದ್ದು ಕಾಣುತ್ತವೆ. ಕನ್ನಡಕ ತೆಗೆಯದೆಯೇ ನನಗೆ ಸಾಧ್ಯವಾಯಿತು.

ಕೊರತೆಯೂ ಇದೆ. ತಲೆ ಸ್ಪಷ್ಟವಾದರೆ ಬಾಲದ ಕಡೆ ಮಸುಕಾಗುತ್ತದೆ. ಬ್ರಿಟನ್ನಿನಲ್ಲಿ ನೋಟಿಯೊಫಿಲಸ್ ಕುಲದ 8 ಜಾತಿಗಳಿವೆ. ಕ್ವಾಡ್ರಿಪಂಕ್ಟೇಟಸ್ ಎಂಬುದು ನಾನು ನೋಡಿದ ಬೈಗಟೇಟಸ್‌ಗೆ ತುಂಬಾ ಹತ್ತಿರ. ಎರಡನ್ನೂ ಬೇರೆ ಮಾಡಬೇಕಾದರೆ ರೆಕ್ಕೆಯ ಮೇಲಿನ ಸಣ್ಣ ಗುಳಿಗಳನ್ನು ಎಣಿಸಬೇಕು. ಓಡುವ ದುಂಬಿಯ ಮೇಲೆ ಇದರಲ್ಲಿ ನನಗೆ ಅದು ಆಗಲಿಲ್ಲ, ಮಗನ ಗೆಳೆಯನ ಮೈಕ್ರೋಸ್ಕೋಪೇ ಬೇಕಾಯಿತು. ಹಾಗಂತ 20 ಪಟ್ಟಿನದ್ದು ತಗೋಬೇಡಿ. ಅದರಲ್ಲಿ ಕಾಣುವ ಜಾಗ ಕಿರಿದು, ಬೆಳಕೂ ಕಡಿಮೆ. ಶುರು ಮಾಡುವವರಿಗೆ ಹತ್ತೇ ಸರಿ. ಕವಚದ ತೂತಿಗೆ ಒಂದು ಕೆಂಪು ದಾರ ಕಟ್ಟಿಕೊಳ್ಳಿ. ಎಲೆ ರಾಶಿಯಲ್ಲಿ ಬಿದ್ದರೆ ಹುಡುಕುವುದು ಕಷ್ಟ.