ಎತ್ತರದ ಹ್ಯಾಂಡಲ್ ಹಾಕಿಸ್ತೀರಾ? ಮೊದಲು ವೈರ್ ಅಳತೆ ನೋಡಿ

ಬೈಕಿಗೆ ಎತ್ತರದ ಹ್ಯಾಂಡಲ್ ಹಾಕಿಸಬೇಕು ಅಂತಿದ್ದೀರಾ? ಹ್ಯಾಂಡಲ್ ಒಂದನ್ನೇ ಬದಲಾಯಿಸಿ, ಆಕ್ಸಿಲೇಟರ್, ಕ್ಲಚ್‌ನ ಹಳೆ ವೈರ್‌ಗಳನ್ನೇ ಎಳೆದು ಕೂರಿಸುವ ಅಂಗಡಿಗೆ ಗಾಡಿ ಬಿಡಬೇಡಿ. ತುಮಕೂರಿನ ಒಂದು ಅಂಗಡಿಯವರು ನನ್ನ ಬುಲೆಟ್‌ಗೆ ಹಾಗೇ ಮಾಡಿದರು. ದೇವರಾಯನದುರ್ಗದ ತಿರುವಿನಲ್ಲಿ ನಾನು ಬೀಳುವುದೊಂದು ಬಾಕಿ ಇತ್ತು.

ನನ್ನದು ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೆ 350 ಸಿಸಿ ಗಾಡಿ. ನಾನು ಸ್ವಲ್ಪ ಉದ್ದದ ಆಳು, ಬಗ್ಗಿ ಓಡಿಸಿ ಸೊಂಟ ಹಿಡಿಯುತ್ತಿತ್ತು. ನಾಲ್ಕು ಇಂಚು ಜಾಸ್ತಿ ಎತ್ತರದ ಹ್ಯಾಂಡಲ್ ಕೊಟ್ಟು, ವೈರ್ ಸಾಕಾಗುತ್ತಾ ಅಂತಲೂ ಕೇಳಿದೆ. ‘ಆಗುತ್ತೆ ಅಣ್ಣ, ಹೆಡ್‌ಲೈಟ್ ಡೂಮ್ ಹಿಂದಿನಿಂದ ತೆಗೆದು ಶಾರ್ಟ್ ದಾರೀಲಿ ಬಿಡ್ತೀವಿ, ನೀವು ಟೀ ಕುಡ್ಕೊಂಡ್ ಬನ್ನಿ’ ಅಂದರು. ಬಿ.ಎಚ್. ರಸ್ತೆಯಲ್ಲಿ ಮನೆ ತನಕ ಓಡಿಸಿದಾಗ ಏನೂ ಗೊತ್ತಾಗಲಿಲ್ಲ. ನೇರ ರಸ್ತೆಯಲ್ಲಿ ಗೊತ್ತಾಗುವುದೂ ಇಲ್ಲ.

ಗೊತ್ತಾಗಿದ್ದು ದೇವರಾಯನದುರ್ಗದ ಬೆಟ್ಟದಲ್ಲಿ. ಭೋಗ ನರಸಿಂಹ ದೇವಸ್ಥಾನ ದಾಟಿ ಯೋಗ ನರಸಿಂಹನ ಕಡೆ ಹತ್ತುವಾಗ, ಫಸ್ಟ್ ಗೇರಲ್ಲಿ ನಿಧಾನಕ್ಕೆ ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಇಂಜಿನ್ ತಾನೇ ರೇಸ್ ಆಯಿತು. ನಾನು ಆಕ್ಸಿಲೇಟರ್ ಕೊಟ್ಟೇ ಇಲ್ಲ! ಗಾಡಿ ರಸ್ತೆಯಂಚಿನ ಕಡೆ ನುಗ್ಗಿತು. ಕ್ಲಚ್ ಒತ್ತಿ ಬ್ರೇಕ್ ಹಿಡಿದೆ. ಹ್ಯಾಂಡಲ್ ನೇರ ಮಾಡಿದ ಕೂಡಲೇ ಸದ್ದು ಇಳಿಯಿತು. ಮತ್ತೆ ತಿರುಗಿಸಿದರೆ ಮತ್ತೆ ರೇಸ್.

ಕಾರಣ ಸರಳ. ವೈರ್ ಅಂದರೆ ಒಳಗೊಂದು ತಂತಿ, ಹೊರಗೊಂದು ಕವಚ. ಹ್ಯಾಂಡಲ್ ತಿರುಗಿದಾಗ ಎರಡು ತುದಿಗಳ ನಡುವಿನ ದಾರಿ ಉದ್ದವಾಗುತ್ತದೆ. ಕವಚ ಗಿಡ್ಡ ಇದ್ದರೆ ಅದರ ತುದಿ ಕೂತ ಜಾಗದಿಂದ ಎದ್ದು ಬರುತ್ತದೆ. ಆಗ ಒಳಗಿನ ತಂತಿಯ ಮೇಲೆ ಎಳೆತ ಬೀಳುತ್ತದೆ, ಕಾರ್ಬುರೇಟರ್ ಒಳಗಿನ ಸ್ಲೈಡ್ ಮೇಲೇಳುತ್ತದೆ, ಇಂಜಿನ್ ರೇಸ್ ಆಗುತ್ತದೆ. ಯಾವ ಕಡೆ ತಿರುಗಿಸಿದಾಗ ಎಳೆಯುತ್ತದೆ ಅನ್ನೋದು ವೈರ್ ಹೋಗಿರುವ ದಾರಿಯ ಮೇಲೆ. ಹಾಗಾಗಿ ಎರಡೂ ಕಡೆ ನೋಡಲೇಬೇಕು.

ಕ್ಲಚ್ ವೈರ್ ಕಥೆಯೂ ಅದೇ. ಲಿವರ್‌ನಲ್ಲಿ ಒಂದೆರಡು ಮಿಲಿಮೀಟರ್ ಆಟ, ಅಂದರೆ ವೈರ್ ಎಳೆಯುವ ಮುಂಚಿನ ಸಡಿಲ, ಇರಬೇಕು. ನನ್ನ ಗಾಡಿಯಲ್ಲಿ ಆಟವೇ ಇರಲಿಲ್ಲ. ವೈರ್ ಬಿಗಿ-ಸಡಿಲ ಮಾಡುವ ಅಡ್ಜಸ್ಟರನ್ನು ಕೊನೆ ತನಕ ಒಳಗೆ ತಿರುಗಿಸಿ ಹೇಗೋ ಸಮ ಮಾಡಿದ್ದರು. ಅಂದರೆ ಕ್ಲಚ್ ಸದಾ ಅರ್ಧ ಒತ್ತಿದ ಹಾಗೆ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಪ್ಲೇಟ್ ಹೋಯಿತು. ವೈರ್ ಉಳಿಸೋಕೆ ಹೋಗಿ ಪ್ಲೇಟ್ ಖರ್ಚು ನನ್ನ ತಲೆಗೆ ಕಟ್ಟಿದರು.

ವಾಪಸ್ ತಗೊಂಡು ಹೋಗಿ ಜಗಳ ಮಾಡಿದ್ದಕ್ಕೆ ಏನು ಮಾಡಿದರು ಗೊತ್ತಾ? ಯಾವುದೋ ಬೇರೆ ಮಾಡೆಲ್‌ನ ತುಂಬಾ ಉದ್ದದ ವೈರ್ ಹಾಕಿದರು. ಹೆಡ್‌ಲೈಟ್ ಮುಂದೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಉದ್ದ ಇದ್ದರೆ ಒಳ್ಳೇದು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೆಚ್ಚು ಬಾಗಿದಷ್ಟೂ ತಂತಿ ಒಳಗೆ ಉಜ್ಜುತ್ತದೆ, ಕ್ಲಚ್ ಗಟ್ಟಿಯಾಗುತ್ತದೆ, ಆಕ್ಸಿಲೇಟರ್ ಬಿಟ್ಟರೂ ಬೇಗ ವಾಪಸ್ ಬರುವುದಿಲ್ಲ. ಸಡಿಲವಾಗಿ ನೇತಾಡುವ ವೈರ್ ಇಂಜಿನ್‌ಗೆ ತಾಗಿದರೆ ಕವಚ ಕರಗುತ್ತದೆ, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕಾಲುಗಳು) ಹತ್ತಿರ ಸಿಕ್ಕಿಕೊಂಡರೆ ಹ್ಯಾಂಡಲ್ಲೇ ತಿರುಗುವುದಿಲ್ಲ.

ಕೊನೆಗೆ ಗಾಡಿ ಸರಿ ಮಾಡಿದ್ದು ಬೇರೊಬ್ಬ ವಯಸ್ಸಾದ ಮೆಕ್ಯಾನಿಕ್. ಅವರು ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ. ನನ್ನನ್ನು ಗಾಡಿ ಮೇಲೆ ಕೂರಿಸಿ, ಹ್ಯಾಂಡಲ್ ಎಷ್ಟು ಹಿಂದಕ್ಕೆ ಬೇಕು ಅಂತ ಕೇಳಿ, ಅಲ್ಲೇ ಟೈಟ್ ಮಾಡಿದರು. ಲಿವರ್‌ಗಳನ್ನೂ ಅವುಗಳ ಜಾಗದಲ್ಲಿ ಕೂರಿಸಿದರು. ಆಮೇಲೆ ಒಂದು ದಪ್ಪ ಹುರಿ ತಂದು ವೈರ್ ಹೋಗುವ ದಾರಿಯಲ್ಲೇ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿ ಜಾಸ್ತಿ ಬೇಕೋ ಆ ಅಳತೆ ಹಿಡಿದರು. ಅದರ ಮೇಲೆ ಸ್ವಲ್ಪ ಸಡಿಲ ಸೇರಿಸಿದರು. ನಾಲ್ಕು ಇಂಚು ಜಾಸ್ತಿ ಎತ್ತರದ ಹ್ಯಾಂಡಲ್‌ಗೆ ನಾಲ್ಕು ಇಂಚು ಜಾಸ್ತಿ ಉದ್ದದ ವೈರ್ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ. ಹ್ಯಾಂಡಲ್ ಹಿಂದಕ್ಕೆ ಎಷ್ಟು ಬಾಗಿದೆ, ಅಗಲ ಎಷ್ಟು, ಎಲ್ಲಾ ಲೆಕ್ಕಕ್ಕೆ ಬರುತ್ತದೆ.

ಅಳತೆ ಕೊಟ್ಟು ವೈರ್ ಮಾಡಿಸುವುದಾದರೆ ಇನ್ನೊಂದು ವಿಷಯ ಹೇಳಿ. ಕವಚ ಎಷ್ಟು ಉದ್ದವಾಯಿತೋ ತಂತಿಯೂ ಅಷ್ಟೇ ಉದ್ದವಾಗಬೇಕು. ಕವಚದಿಂದ ಹೊರಗಿರುವ ತಂತಿಯ ಅಳತೆ ಹಳೆಯದರಷ್ಟೇ ಇರಬೇಕು. ಹಾಗಾಗಿ ಹಳೆ ವೈರನ್ನು ಮಾದರಿಗೆ ಕೊಡಿ. ತಂತಿಯ ತುದಿಯ ಗುಂಡು, ಅಂದರೆ ನಿಪ್ಪಲ್, ಬೆಸುಗೆ ಹಾಕಿದ್ದೇ ಇರಲಿ. ಸ್ಕ್ರೂ ಹಾಕಿ ಬಿಗಿಯುವ ನಿಪ್ಪಲ್ ದಾರಿಯಲ್ಲಿ ಕೆಟ್ಟರೆ ಮನೆ ಸೇರೋಕೆ ಸಾಕು, ದಿನಾ ಓಡಿಸೋಕೆ ಅಲ್ಲ.

ಮುಂದಿನ ಡಿಸ್ಕ್ ಬ್ರೇಕ್ ಪೈಪ್ ವಿಷಯದಲ್ಲಂತೂ ರಾಜಿ ಬೇಡವೇ ಬೇಡ. ಜಾಯಿಂಟ್ ಹಾಕಿ ಉದ್ದ ಮಾಡ್ತೀವಿ ಅಂದರೆ ಗಾಡಿ ವಾಪಸ್ ತಗೊಳ್ಳಿ. ಇಡೀ ಪೈಪೇ ಉದ್ದದ್ದು ಬೇಕು. ಪೈಪ್ ತುದಿಯ ಬೋಲ್ಟ್‌ಗೆ ಹೊಸ ವಾಷರ್ ಹಾಕಬೇಕು, ಬ್ರೇಕ್ ಆಯಿಲ್ ತುಂಬಿ ಗಾಳಿ ಪೂರ್ತಿ ತೆಗೆಯಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದಾಗ ಫೋರ್ಕ್ ಪೂರ್ತಿ ಕೆಳಗಿಳಿಯುತ್ತದೆ. ಆಗಲೂ ಪೈಪ್ ಎಳೆಯಬಾರದು. ಇನ್ನು ಸ್ವಿಚ್‌ಗಳ ಕರೆಂಟ್ ವೈರ್. ನನ್ನ ಗಾಡಿಯಲ್ಲಿ ಬರೀ ಟೇಪ್ ಸುತ್ತಿ ಸೇರಿಸಿದ್ದರು, ಮೊದಲ ಮಳೆಗೇ ಹಾರ್ನ್ ನಿಂತಿತು.

ಕಾನೂನೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲೇಟರ್ ಮುಟ್ಟದೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆ ತನಕ ತಿರುಗಿಸಿ. ಸದ್ದು ಒಂದಿಷ್ಟು ಏರಿದರೂ ಗಾಡಿ ತಗೊಳ್ಳಬೇಡಿ. ಹಳೆ ಹ್ಯಾಂಡಲ್, ಹಳೆ ವೈರ್, ಹಳೆ ಪೈಪ್ ಎಲ್ಲಾ ಕೇಳಿ ಪಡೆದು ಮನೆಗೆ ತನ್ನಿ. ನನಗೆ ಹ್ಯಾಂಡಲ್ ಮಾತ್ರ ಕೊಟ್ಟರು, ಬಿಚ್ಚಿದ ವೈರ್‌ಗಳು ಗುಜರಿಗೆ ಹೋದವಂತೆ.